ಕಿಸೆಯಲ್ಲಿ ಮೂರಂಗುಲದ ಕಲ್ಲು

ಜಂಗ್ಲಿಸಾಬರು ದಾರಿಯಲ್ಲಿ ಬರುತ್ತಿದ್ದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವರ ವಾಲಿಕೆ. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗೆ. ವೈಶಾಖದ ಬಿಸಿಲಿಗೂ ಬಿಚ್ಚದ ಕರಿಯ ಕೋಟಿನ ಬಲಗಿಸೆ ಭಾರಕ್ಕೆ ಜೋತುಬಿದ್ದು, ಗಜೇಂದ್ರಗಡದ ಗುಡ್ಡದಡಿ ಐವತ್ತು ವರ್ಷ ಕಲ್ಲು ಕೆತ್ತಿದ ಆ ದೇಹ ಸದಾ ಒಂದೇ ಕಡೆ ಬಾಗಿ ನಡೆಯುತ್ತಿತ್ತು. ಆ ಕಿಸೆ ಹೊಲಿದು ಹೊಲಿದೇ ತನ್ನ ಕಣ್ಣು ಮಂಜಾದವೆಂದು ಹೆಂಡತಿ ರಸೂಲಬಿ ತಿಂಗಳಿಗೊಮ್ಮೆಯಾದರೂ ಗೊಣಗುತ್ತಿದ್ದರು.

ಮಾತಿಗೊಂದು ಪಲ್ಲವಿಯೂ ಇತ್ತು: "ಮುಟ್ಟಿ ನೋಡ್ರಿ." ಸಂತೆಯ ಬದನೆಕಾಯಿಯಾಗಲಿ, ಬೀಗರು ಕಟ್ಟಿಸಿದ ಗೋಡೆಯಾಗಲಿ, ಮುಟ್ಟದೆ ಅವರು ಒಪ್ಪಿದ್ದೇ ಇಲ್ಲ. ದವಾಖಾನೆಯ ಡಾಕ್ಟರು ಕಂಪ್ಯೂಟರನ್ನೇ ನೋಡುತ್ತ ಔಷಧ ಬರೆದಾಗಲೂ ಕೈ ಚಾಚಿ ಅದನ್ನೇ ಹೇಳಿದ್ದರಂತೆ.

ರಾಜೂರಿನ ಶಾಲೆಗೆ ಹೊಸದಾಗಿ ಗಣಿತ ಕಲಿಸಲು ಬಂದ ಸೈರಾಬಾನುವಿಗೆ ಅವರು ಅಂಗಳದಲ್ಲಿ ಕಟ್ಟೆ ಕಟ್ಟುವ ಮೇಸ್ತ್ರಿ, ಅಷ್ಟೇ. ಅವಳ ಚಿಂತೆಯೇ ಬೇರೆ. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಕಲ್ಲಿನ ಘನಫಲವೆಷ್ಟೆಂದರೆ, ಮಕ್ಕಳು ಪೂರ್ಣಸಂಖ್ಯೆಗಳನ್ನೊಂದು ಕಡೆ, ಭಿನ್ನರಾಶಿಗಳನ್ನೊಂದು ಕಡೆ ಗುಣಿಸಿ, ಎರಡು ಘನ ಅಡಿಯ ಮೇಲೆ ಚೂರು ಎಂದು ಒಕ್ಕೊರಲಿನಿಂದ ಹೇಳುತ್ತಿದ್ದರು. ಸೂತ್ರ ಹಾಕಿ ಅವಳು ನಾಲ್ಕೂಮುಕ್ಕಾಲಿಗೆ ತುಸು ಕಡಿಮೆ ಎಂದು ತೋರಿಸಿದಳು. ಮುಂದಿನ ಸಾಲಿನ ಚಿನ್ನು ಎದ್ದು ನಿಂತು, "ಹೆಚ್ಚಿಂದು ಎಲ್ಲಿಂದ ಬಂತ್ರಿ ಅಕ್ಕೋರ?" ಎಂದಳು. ಸೈರಾಬಾನುವಿಗೆ ಉತ್ತರ ಗೊತ್ತಿತ್ತು, ಕಾರಣ ಹೇಳಲು ಬರಲಿಲ್ಲ. ಮೂರು ದಿನ ಅದೇ ಪ್ರಶ್ನೆ, ಮತ್ತೆ ಅದೇ ಸೂತ್ರ. ನಾಲ್ಕನೆಯ ದಿನ, ಗಣಿತ ತನ್ನಿಂದಾಗದು, ಬೇರೆಯವರಿಗೆ ವಹಿಸಿ ಎಂದು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ಪುಸ್ತಕದೊಳಗಿಟ್ಟುಕೊಂಡೇ ತರಗತಿಗೆ ಬಂದಳು.

ಮೂರೂ ದಿನ ಕಿಟಕಿಯಾಚೆ ಉಳಿ ನಿಲ್ಲಿಸಿ ಕೇಳುತ್ತಿದ್ದ ಜಂಗ್ಲಿಸಾಬರು ಅಂದು ಬಾಗಿಲಿಗೆ ಬಂದು, ಮಕ್ಕಳನ್ನು ಗಳಿಗೆ ಹೊತ್ತು ಅಂಗಳಕ್ಕೆ ಕಳಿಸಬಹುದೇ ಎಂದು ವಿನಯದಿಂದ ಕೇಳಿದರು. ಅಲ್ಲಿ ಅದೇ ಅಳತೆಯ ಕಲ್ಲು ಸಿದ್ಧವಾಗಿತ್ತು. ಕೋಟಿನ ಕಿಸೆಯಿಂದ ಹೊರಬಂದದ್ದು ಮೂರಂಗುಲದ, ಆರೂ ಮುಖ ಸಮನಾದ ಪುಟ್ಟ ಕಲ್ಲು. ಪ್ರತಿ ಬದಿಯೂ ಕಾಲು ಅಡಿ. ಅದನ್ನಿಟ್ಟು ಮಕ್ಕಳಿಂದ ಸೀಮೆಸುಣ್ಣದ ಗೆರೆ ಎಳೆಸಿದರು. ಉದ್ದಕ್ಕೆ ಹತ್ತು, ಅಗಲಕ್ಕೆ ಆರು, ಪದರಕ್ಕೆ ಅರವತ್ತು. ಎತ್ತರಕ್ಕೆ ಐದು ಪದರ, ಒಟ್ಟು ಮುನ್ನೂರು. ಇಂಥವು ಎಷ್ಟು ಕೂಡಿದರೆ ಒಂದು ಘನ ಅಡಿ ಎಂದು ಕೇಳಿದರೆ, ನಾಲ್ಕು ಎಂದರು ಮಕ್ಕಳು.

ಮುದುಕರು ನಕ್ಕರು. "ನಾನೂ ನಾಲ್ಕಽ ಅಂದಿದ್ದೆ. ನರಗುಂದದಾಗ ನನಗ ಕೆಲಸ ಕಲಿಸಿದ ಉಸ್ತಾದರು, ಒಂದು ಘನ ಅಡಿ ಆಗೂವಷ್ಟು ಕೆತ್ತಿ ತಾ ಅಂದ್ರ, ನಾಲ್ಕು ಒಯ್ದು ಇಟ್ಟೆ. ಬೈಲಿಲ್ಲ. ಉಳಿದ ಅರವತ್ತೂ ಕೆತ್ತಿಸಿದ್ರು. ಆ ನಾಲ್ಕರಾಗಿನ ಒಂದು ಇದು."

ಉದ್ದಕ್ಕೆ ನಾಲ್ಕು, ಅಗಲಕ್ಕೆ ನಾಲ್ಕು, ಎತ್ತರಕ್ಕೂ ನಾಲ್ಕು: ಅರವತ್ನಾಲ್ಕು. ಮುನ್ನೂರರಲ್ಲಿ ನಾಲ್ಕು ಘನ ಅಡಿ ತುಂಬಿ, ಮೇಲೆ ನಲವತ್ನಾಲ್ಕು ಉಳಿದವು. ಚಿನ್ನು ಕಲ್ಲಿನ ಮೇಲೆ ಪೂರ್ಣ ಅಡಿಗಳ ಭಾಗವನ್ನಷ್ಟೇ ಗೆರೆಯಿಂದ ಸುತ್ತಿ, ಅದರ ಬದಿಗೂ ಮೇಲಕ್ಕೂ ಉಳಿದದ್ದನ್ನು ಕಣ್ಣರಳಿಸಿ ನೋಡಿ, "ಇಷ್ಟೆಲ್ಲಾ ಬಿಟ್ಟಿದ್ವ್ಯಾ!" ಎಂದಳು. ಸೈರಾಬಾನುವಿನ ಎದೆಯ ಮೇಲಿನ ಭಾರ ಅಲ್ಲಿಯೇ ಇಳಿಯಿತು. ಪುಸ್ತಕದೊಳಗಿನ ಪತ್ರವನ್ನು ಹರಿದು, ಚಾಚಾ, ನಿಮ್ಮ ಉಪಕಾರ ಮರೆಯಲಾರೆ ಎಂದಳು. ಅವರು ಆ ಪುಟ್ಟ ಕಲ್ಲನ್ನು ಅವಳ ಅಂಗೈಯಲ್ಲಿಟ್ಟರು.

"ಇನ್ನ ಇದು ನಿಮ್ಮ ಹತ್ರ ಇರಲಿ. ಮುಟ್ಟಿ ನೋಡ್ರಿ, ಅಕ್ಕೋರ."

ಹೆಚ್ಚು ಸಂತೋಷಪಟ್ಟವರು ರಸೂಲಬಿ. ಕಿಸೆ ಹೊಲಿಯುವುದು ತಪ್ಪಿತಲ್ಲ! ಈಗ ಕೋಟು ನೆಟ್ಟಗೆ ಇಳಿಬಿದ್ದಿದೆ, ಭುಜ ಮಾತ್ರ ಮೇಲೇರಿಲ್ಲ. ಕಲಿತದ್ದನ್ನು ಕಲಿಸುವವರು ಊರೂರಿಗೆ ಸಿಗುತ್ತಾರೆ. ಕಲಿಯುವ ಮುನ್ನ ತಾವು ಮಾಡಿದ ತಪ್ಪನ್ನು ಅರ್ಧ ಆಯುಷ್ಯ ಕಿಸೆಯಲ್ಲಿ ಹೊತ್ತು, ಅದರ ಅಗತ್ಯವಿದ್ದವರು ಎದುರಾದ ದಿನ ಸಂಕೋಚವಿಲ್ಲದೆ ತೆಗೆದು ಕೈಗಿಡುವವರು ವಿರಳ. ಅಂಥವರ ಭುಜ ತುಸು ವಾಲಿಯೇ ಇರುತ್ತದೆ.