ಮೆಲ್ಲಗೆ ಒತ್ತಿದರೂ

ಕೀಗಳೂ ಸುತ್ತಿಗೆಗಳೂ ಕೂಡಿದ್ದ ಚೌಕಟ್ಟನ್ನು ಕರೆಪ್ಪ ಪಿಯಾನೋದ ಹೊಟ್ಟೆಯಿಂದ ಹೊರಗೆಳೆದಾಗ, ಅದರಡಿಯ ಮರದ ಪಟ್ಟಿಗಳು ಹಿಟ್ಟಾಗಿ ಉದುರಿದವು. ಗೆದ್ದಲು ತಿಂದಿತ್ತು.

"ಚೌಕಟ್ಟು ತೆಳಗ ಕುಂತೈತ್ರಿ, ಸರಕಾರ. ಸುತಗಿ ತಂತಿ ಮುಟ್ಟವಲ್ವು. ಜೋರ್ ಬಡದ್ರಷ್ಟ ಸಪ್ಪಳ."

ಕರೆಪ್ಪ ಗೋಕಾಕದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನು. ಇಷ್ಟು ದೊಡ್ಡ ಪೆಟ್ಟಿಗೆ ಬಿಚ್ಚಿದವನಲ್ಲವೆಂದು ಹುಕ್ಕೇರಿಯ ವಾಡೆಗೆ ಬಂದೊಡನೆ ಹೇಳಿದ್ದ. ಕೂಡಿಯೇ ನೋಡೋಣವೆಂದಿದ್ದರು ಭೀಮರಾಯ ದೇಸಾಯರು. ಬೆಳಗಾವಿಯ ಸಾಹೇಬನೊಬ್ಬ ಊರು ಬಿಟ್ಟಾಗ ಹರಾಜಿನಲ್ಲಿ ಅದನ್ನು ತಂದವರು ಅವರೇ. ಸೊಸೆ ಸುಂದ್ರವ್ವ ತವರಿನಲ್ಲಿ ಪಿಯಾನೋ ಕಲಿತಿದ್ದಳೆಂದು. ಅವಳ ಗಂಡ, ದೇಸಾಯರ ಮಗ ಶೆಟ್ಟೆಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಒಳಕೋಣೆ ಬಿಟ್ಟು ಬಂದಿರಲಿಲ್ಲ. ಒಂದು ಮುಂಜಾನೆ ಮಾತ್ರ ಬಂದು ಕೂತು, ಮೆಲ್ಲಗೆ ಕೀ ಒತ್ತಿದ್ದಳು. ದನಿ ಬರಲಿಲ್ಲ. ಮುಚ್ಚಳ ಹಾಕಿ ಎದ್ದುಹೋದದ್ದನ್ನು ದೇಸಾಯರು ಬಾಗಿಲಲ್ಲಿ ನಿಂತು ನೋಡಿದ್ದರು. ಮರುದಿನವೇ ಗೋಕಾಕಕ್ಕೆ ಗಾಡಿ ಕಳಿಸಿದ್ದರು.

ಕರೆಪ್ಪ ಸಾಗವಾನಿಯ ಹೊಸ ಪಟ್ಟಿ ಕೂರಿಸಿದ. ದಪ್ಪವಾಯಿತು, ಸುತ್ತಿಗೆಗಳು ತಂತಿಗೆ ಅಂಟಿ ದನಿ ಉಸಿರುಗಟ್ಟಿತು. ಹೆರೆದು ತೆಳ್ಳಗೆ ಮಾಡಿದ. ಇನ್ನು ನುಡಿಸಬಲ್ಲವರೇ ಒತ್ತಿ ಹೇಳಬೇಕೆಂದ. ಗಂಡ ಸತ್ತವಳು ಬಾಜಾ ಮುಟ್ಟುವುದೇ ಎಂದು ದೇಸಾಯರ ತಮ್ಮ ರಾಯಪ್ಪ ಗೊಣಗಿದ. ದೇಸಾಯರು ಸೊಸೆಯ ಕೋಣೆಯ ಹೊಸ್ತಿಲ ತನಕ ಹೋದರು.

"ಸುಂದ್ರವ್ವ, ನಮಗ ತಿಳೀವಲ್ದವ್ವಾ. ತುಸು ಬಂದು ಹೇಳ್."

ಎಷ್ಟೋ ಹೊತ್ತಿಗೆ ಅವಳು ಸೆರಗು ಹೊದ್ದು ಬಂದಳು. ನಿಂತೇ ಒಂದು ಕೀ ಒತ್ತಿ, ಇನ್ನೂ ಕೂದಲೆಳೆಯಷ್ಟು ಮೇಲೆ ಬೇಕೆಂದಳು. ಕರೆಪ್ಪ ಚೌಕಟ್ಟು ಎತ್ತಿಹಿಡಿದ. ದೇಸಾಯರು ಮೊಣಕಾಲೂರಿ, ಕಾಗದದಂಥ ಮರದ ಸೀಳೊಂದನ್ನು ಪಟ್ಟಿಯ ಮೇಲೆ ಸರಿಸಿದರು.

ಅವಳು ಮತ್ತೆ ಒತ್ತಿದಳು, ಮೊದಲಿಗಿಂತ ಮೆಲ್ಲಗೆ.

"ಬಂತ್ರಿ, ಮಾವಾರ."

ಆಮೇಲೆ ಕೂತಳು.

ರಾಯಪ್ಪ ರುಮಾಲು ಸುತ್ತಿಕೊಳ್ಳುತ್ತ ಎದ್ದ. "ನಾಳೆ ಮಂದಿ ಕೇಳಿದ್ರ ಏನಂತೀರಿ, ಅಣ್ಣಾರ?"

"ಕೇಳ್ಲಿ ಅಂತನ ಕಿಡಕಿ ತಗದೇನಿ."

ಅಂಗಳದಲ್ಲಿ ಕರೆಪ್ಪನನ್ನು ಊರಿಗೆ ಮುಟ್ಟಿಸಲು ಗಾಡಿ ಹೂಡಿ ನಿಂತಿತ್ತು. ಎತ್ತು ತಲೆ ಕೊಡವಿದಾಗಲೆಲ್ಲ ಗೆಜ್ಜೆ ಘಲ್ಲೆಂದು, ಕಿಟಕಿಯಿಂದ ಬರುತ್ತಿದ್ದ ಪಿಯಾನೋದ ಮೆಲುದನಿಯನ್ನು ಮುಚ್ಚಿಹಾಕುತ್ತಿತ್ತು. ದೇಸಾಯರು ಮೆಟ್ಟಿಲಿಳಿದು ಬಂದರು. ಎತ್ತಿನ ಕೊರಳನ್ನು ಒಂದು ಕೈಯಿಂದ ಸವರುತ್ತ, ಇನ್ನೊಂದರಿಂದ ಗೆಜ್ಜೆಸರದ ಗಂಟನ್ನು ಸದ್ದಿಲ್ಲದೆ ಬಿಚ್ಚತೊಡಗಿದರು.