ಹತ್ತನೆಯ ಸೀಸೆಯ ನಂತರ

ಮೇಲ್ವಿಚಾರಕಿ ನೇರಳೆ ದೀಪ ಹೊತ್ತಿಸಿದಾಗ ಒಂಬತ್ತು ಸೀಸೆಗಳಷ್ಟೇ ಹೊಳೆದವು. ಹತ್ತನೆಯದು ಹೊಳೆಯಲಿಲ್ಲ.

ಹನ್ನೊಂದು ತಿಂಗಳಲ್ಲಿ ಹೀಗಾದದ್ದು ಇದೇ ಮೊದಲು. ಬುಗುರಿ ಕುರ್ಚಿಯಿಂದ ಅರ್ಧ ಎದ್ದ.

ಬುಗುರಿ ಎಂಬುದು ಅಕ್ಕ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಅವನು ಕೂತಲ್ಲಿ ಕೂರುತ್ತಿರಲಿಲ್ಲ. ನಲವತ್ತು ತುಂಬಿದರೂ ಆ ಹೆಸರು ಬಿಡಲಿಲ್ಲ, ಗುಣವೂ ಬಿಡಲಿಲ್ಲ. ಹದಿನೆಂಟು ವರ್ಷದಲ್ಲಿ ಹದಿನಾಲ್ಕು ಕೆಲಸ. ಕೆಲವನ್ನು ಅವನು ಬಿಟ್ಟ, ಉಳಿದವು ಅವನನ್ನು ಬಿಟ್ಟವು. ಎರಡು ವರ್ಷದ ಹಿಂದೆ ಡಾಕ್ಟರೊಬ್ಬರು ಇದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ, ಗಮನ ಒಂದೆಡೆ ನಿಲ್ಲದ ತೊಂದರೆ, ಸೋಮಾರಿತನವಲ್ಲ ಎಂದು ಬಿಡಿಸಿ ಹೇಳಿದ್ದರು. ಬೆಳಗ್ಗೆ ನುಂಗಲು ಒಂದು ಮಾತ್ರೆ ಬರೆದುಕೊಟ್ಟು, ಬೇಸರದ ಕೆಲಸವನ್ನು ಆಟ ಮಾಡಿಕೊಳ್ಳಿ ಎಂದು ಉಪಾಯವನ್ನೂ ಸೂಚಿಸಿದ್ದರು.

ಚುಚ್ಚುಮದ್ದು ತಯಾರಿಸುವ ಈ ಕಾರ್ಖಾನೆಯಲ್ಲಿ ಅಕ್ಕ ಪ್ಯಾಕಿಂಗ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದಳು. ತಮ್ಮನಿಗೆ ತಾನೇ ಜವಾಬ್ದಾರಿ ಎಂದು ಹೇಳಿ ಅವನನ್ನು ತಪಾಸಣೆಯ ಕುರ್ಚಿಗೆ ಸೇರಿಸಿದವಳೂ ಅವಳೇ. ದಿನಕ್ಕೆ ಎರಡು ಸಾವಿರ ಸೀಸೆ. ಒಂದೊಂದನ್ನೂ ಬಿಳಿ ಹಲಗೆಯ ಮುಂದೆ ಐದು ಸೆಕೆಂಡು, ಕಪ್ಪು ಹಲಗೆಯ ಮುಂದೆ ಐದು ಸೆಕೆಂಡು ಹಿಡಿದು, ಒಳಗೆ ಕೂದಲೆಳೆಯೋ ಗಾಜಿನ ಚೂರೋ ತೇಲುತ್ತಿದೆಯೇ ಎಂದು ನೋಡಬೇಕು. ಯಂತ್ರದ ಕಣ್ಣು ಮೊದಲೇ ಸೋಸಿ ಕಳಿಸುವುದರಿಂದ ನಿಜವಾದ ದೋಷ ಬಹಳ ಅಪರೂಪ. ಹಾಗೆಂದು ತಪಾಸಣೆ ಮಾಡುವವರು ತೂಕಡಿಸಬಾರದಲ್ಲ? ಅದಕ್ಕೇ ಮೇಲ್ವಿಚಾರಕಿ ಕೆಲವು ಕೆಟ್ಟ ಸೀಸೆಗಳನ್ನು ತಾನೇ ನಡುವೆ ಸೇರಿಸಿಡುತ್ತಿದ್ದಳು. ಅವುಗಳ ಬುಡದ ಗುರುತು ನೇರಳೆ ದೀಪಕ್ಕೆ ಮಾತ್ರ ಕಾಣುವಂಥದ್ದು. ಕೆಲಸಗಾರರ ಬಾಯಲ್ಲಿ ಅವು ಕಳ್ಳಸೀಸೆಗಳು.

ಎಷ್ಟು ಕಳ್ಳಸೀಸೆ ಎಂಬುದು ಗುಟ್ಟು. ಬುಗುರಿ ಒಂದೇ ವಾರದಲ್ಲಿ ಆ ಗುಟ್ಟು ಒಡೆದಿದ್ದ: ಎಂದೆಂದೂ ಹತ್ತೇ. ಅಲ್ಲಿಗೆ ಬೇಸರದ ಕೆಲಸ ಬೇಟೆಯಾಯಿತು. ಅವನ ಕಣ್ಣು ಹದ್ದಿನ ಕಣ್ಣಾಯಿತು. ಪ್ರತಿ ಸಂಜೆಯೂ ಹತ್ತಕ್ಕೆ ಹತ್ತು. ಅಕ್ಕ ಕಾರ್ಖಾನೆಯ ಊಟದ ಮನೆಯಲ್ಲಿ ತಲೆಯೆತ್ತಿ ನಡೆಯತೊಡಗಿದಳು.

ಇಂದು ಮಧ್ಯಾಹ್ನ ಒಂದೂವರೆಗೇ ಹತ್ತನೆಯದು ಸಿಕ್ಕಿತ್ತು.

"ಇದು ನಾನು ಹಾಕಿದ್ದಲ್ಲ," ಎಂದು ಮೇಲ್ವಿಚಾರಕಿ ಹೊಳೆಯದ ಸೀಸೆಯನ್ನು ಬೆಳಕಿಗೆ ಹಿಡಿದಳು. ಒಳಗೆ ಗಾಜಿನ ಸಣ್ಣ ಸೀಳು. ನಿಜವಾದ ದೋಷ. ಅವಳು ಮೆಚ್ಚುಗೆಯಿಂದ ತಲೆದೂಗಿ, ಪಾಸಾದ ಸೀಸೆಗಳ ಮೇಲೆ ದೀಪ ಹಾಯಿಸಿ, ಉಳಿದೊಂದು ಕಳ್ಳಸೀಸೆಯನ್ನು ಹೆಕ್ಕಿ ತೆಗೆದಳು. ಒಂದು ತಪ್ಪಿದರೆ ನಿಯಮದಲ್ಲಿ ಮಾಫಿ ಇದೆ, ಮನುಷ್ಯರಲ್ಲವೇ ಎಂದು ನಕ್ಕು ಸಹಿ ಹಾಕಿ ಹೋದಳು. ಸೀಸೆಗಳು ಪ್ಯಾಕಿಂಗಿಗೆ ಹೋದವು. ಐದು ಗಂಟೆಗೆ ಲಾರಿ.

ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು.

ಆ ಕಳ್ಳಸೀಸೆ ಹೇಗೆ ತಪ್ಪಿತೆಂಬುದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತು. ಹತ್ತಾಯಿತು, ಆಟ ಮುಗಿಯಿತು. ಆಮೇಲೆ ಇನ್ನೂ ಆರುನೂರು ಸೀಸೆ ಉಳಿದಿದ್ದವು. ಕೈ ಅವನ್ನು ಎತ್ತಿತು, ಬಿಳಿಗೆ ಹಿಡಿಯಿತು, ಕಪ್ಪಿಗೆ ಹಿಡಿಯಿತು, ಇಳಿಸಿತು. ಬುಗುರಿ ಮಾತ್ರ ಅಲ್ಲಿರಲಿಲ್ಲ. ಮನಸ್ಸಿನಲ್ಲೇ ಒಂದು ಗಾಳಿಯಂತ್ರವನ್ನು ಬಿಚ್ಚಿ ಜೋಡಿಸುತ್ತಿದ್ದ. ಆ ಆರುನೂರರಲ್ಲಿ ಒಂದರ ಮುಖವೂ ಅವನಿಗೆ ನೆನಪಿಲ್ಲ. ದಿನವೂ ಹತ್ತಾದ ಮೇಲೆ ಹೀಗೆಯೇ ಆಗುತ್ತಿತ್ತು.

ಮತ್ತೊಂದು ಯೋಚನೆ ಆಗ ತಣ್ಣಗೆ ಬೆನ್ನೇರಿತು. ನಿಜವಾದ ದೋಷ ಹನ್ನೊಂದು ತಿಂಗಳಲ್ಲಿ ಅವನ ಕೈಗೆ ಇದೇ ಮೊದಲ ಸಲ ಸಿಕ್ಕಿದ್ದು. ಅಷ್ಟು ದಿನ ಒಂದೂ ಬರಲಿಲ್ಲವೇ? ಬಂದದ್ದನ್ನು ಅವನು ಕಾಣಲಿಲ್ಲವೇ?

ಅವನು ಪ್ಯಾಕಿಂಗ್ ವಿಭಾಗಕ್ಕೆ ಹೋದಾಗ ಅಕ್ಕ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದಳು. "ಏನೋ ಬುಗುರಿ, ಇವತ್ತು ನೂರಕ್ಕೆ ತೊಂಬತ್ತಂತೆ? ಅಪ್ಪನ ಸಹಿ ಹಾಕಿಸ್ಕೊಂಡು ಬಾ," ಎಂದು ಕೀಟಲೆ ಮಾಡಿದಳು.

ಅವನು ಎಲ್ಲವನ್ನೂ ಹೇಳಿದ. ಟೇಪು ಎಳೆಯುವ ಸದ್ದು ನಿಂತಿತು. ಅಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. ಇಂದಿನದನ್ನು ಏನಾದರೂ ನೆಪ ಹೇಳಿ ತಡೆಯೋಣ, ಹಳೆಯದನ್ನು ಕೆದಕಬೇಡ, ಹೋದದ್ದರಲ್ಲಿ ದೋಷವಿತ್ತೆಂದು ಯಾರು ಕಂಡರು ಎಂದಳು. ಆಮೇಲೆ ಅವನ ತೋಳು ಹಿಡಿದಳು.

"ನಾಳೆಯಿಂದ ಸರಿಯಾಗಿ ನೋಡು. ಅಷ್ಟೇ ತಾನೆ?"

"ನಾಳೆನೂ ಆಗಲ್ಲ ಅಕ್ಕ," ಎಂದ ಅವನು. "ನೋಡ್ಬೇಕು ಅಂತಾನೇ ಕೂತಿರ್ತೀನಿ. ಹತ್ತಾದ್ಮೇಲೆ ನಾನೇ ಇರಲ್ಲ ಅಲ್ಲಿ."

ಬೈಗುಳಕ್ಕಾಗಿ ಕಾದು ನಿಂತ. ಅಕ್ಕ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟು, ಕೈಗವಸು ಕಳಚಿ, ಅವನ ಮುಂದೆ ಮುಂದೆ ಮೇಲ್ವಿಚಾರಕಿಯ ಬಳಿಗೆ ನಡೆದಳು.

ಮೇಲ್ವಿಚಾರಕಿ ಕೇಳಿಸಿಕೊಂಡು ಲಾರಿಯನ್ನು ತಡೆದಳು. ಆರುನೂರನ್ನೂ ಇನ್ನೊಬ್ಬರಿಂದ ನೋಡಿಸಿದರಾಯಿತು, ಒಂದು ಎಚ್ಚರಿಕೆಯ ಪತ್ರದಲ್ಲಿ ಮುಗಿಯುತ್ತದೆ ಎಂದಳು. ಪುಸ್ತಕ ತೆರೆದು, ತಲೆಯೆತ್ತದೆ, ಬರಿಯ ಔಪಚಾರಿಕತೆಗೆಂಬಂತೆ ಕೇಳಿದಳು: "ಇವತ್ತು ಮಾತ್ರ ತಾನೆ?"

ಹೌದು ಎಂದುಬಿಟ್ಟರೆ ಕುರ್ಚಿ ಉಳಿಯುತ್ತಿತ್ತು. ಅಕ್ಕನ ಮುಖವೂ ಉಳಿಯುತ್ತಿತ್ತು. ಅವನು ಅಕ್ಕನತ್ತ ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಇಲ್ಲ ಮೇಡಂ. ಎರಡನೇ ವಾರದಿಂದ."

ಪೆನ್ನು ನಿಂತಿತು. ಮೇಲ್ವಿಚಾರಕಿ ಕನ್ನಡಕ ತೆಗೆದಳು. ಆಮೇಲೆ ಎಲ್ಲೆಲ್ಲಿಗೋ ಫೋನು ಮಾಡಿದಳು. ಕಳಿಸಿದ ಮಾಲನ್ನೆಲ್ಲ ವಾಪಸು ತರಿಸುವ ಮಾತು ಕೇಳಿಬಂತು. ಕೊನೆಗೆ ಅವನ ಕೊರಳಿನ ಗುರುತಿನ ಚೀಟಿಗಾಗಿ ಕೈ ಚಾಚಿದಳು. ಅಕ್ಕನಿಗೆ ನಾಳೆ ಬೆಳಗ್ಗೆ ಮ್ಯಾನೇಜರನ್ನು ಕಾಣಬೇಕೆಂದು ಮಾತ್ರ ತಿಳಿಸಿದಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ. ಈ ದುಃಖದಲ್ಲಾದರೂ ಅಲುಗದೆ ಕೂರಬೇಕೆಂದು ಅವನು ಹಲ್ಲು ಕಚ್ಚಿದ. ಹನ್ನೊಂದು ತಿಂಗಳ ಮಾನವನ್ನು ಅವನಿಗಾಗಿ ಕಳೆದುಕೊಂಡವಳ ಪಕ್ಕದಲ್ಲಿ ಒಂದಿಷ್ಟು ಹೊತ್ತು ಸುಮ್ಮನಿರಲಾರನೇ? ನಾಲ್ಕನೆಯ ನಿಮಿಷಕ್ಕೆ ಮೊಣಕಾಲು ಕುಣಿಯತೊಡಗಿತು. ಐದನೆಯದಕ್ಕೆ ಕಣ್ಣು ರಸ್ತೆಗಿಳಿದು ಹೋಗುವ ಬರುವ ಕೆಂಪು ಕಾರುಗಳನ್ನು ಹುಡುಕುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಆದರೂ ಎಣಿಕೆ ನಿಲ್ಲಲಿಲ್ಲ.

ಅಕ್ಕ ಅವನ ಮೊಣಕಾಲನ್ನು ನೋಡಿದಳು. ಆಮೇಲೆ ಅವನು ನೋಡುತ್ತಿದ್ದತ್ತ ನೋಡಿದಳು.

"ಎಷ್ಟಾಯ್ತು?" ಎಂದು ಕೇಳಿದಳು.

"ಏಳು," ಎಂದ ಅವನು, ಮುಖ ಆಚೆ ತಿರುಗಿಸಿ.