ಚೀಟಿ ಇಲ್ಲದ ಅಂಗಡಿ

ರಟ್ಟು ಕಟ್ಟಿಸಲು ಬಂದ ಪ್ರತಿ ಪುಸ್ತಕದೊಳಗೂ ಅಪ್ಪ ಒಂದು ಚೀಟಿ ಸಿಕ್ಕಿಸುತ್ತಿದ್ದ: ಇದು ಯಾರದು, ಯಾರ ಕೈಗೆ ಕೊಡಬೇಕು. "ಚೀಟಿ ಇಲ್ಲದ ಪುಸ್ತಕ ತಬ್ಬಲಿ ಕಣೇ," ಅನ್ನುತ್ತಿದ್ದ. ನಲವತ್ತು ವರ್ಷದಲ್ಲಿ ಒಂದೇ ಒಂದು ಪುಸ್ತಕ ಅದಲುಬದಲಾಗಲಿಲ್ಲ. ಅಂಥವನು ಅಂಗಡಿಗೇ ಚೀಟಿ ಬರೆಯದೆ ಸತ್ತ.

ತಿಂಗಳೂ ಕಳೆದಿರಲಿಲ್ಲ, ಅಣ್ಣ ಅಂಗಡಿ ಕೊಳ್ಳುವವನೊಬ್ಬನನ್ನು ಕರೆತಂದು ಗೋಡೆಗೆ ಟೇಪು ಹಿಡಿಸಿದ. ನಾನು ಅಂಟು ಬಳಿಯುತ್ತಿದ್ದೆ, ಇಪ್ಪತ್ತೆರಡು ವರ್ಷದಿಂದ ಬಳಿದಂತೆಯೇ.

"ಅಪ್ಪ ನಂಗೆ ಹೇಳಿದ್ದ. 'ಅಂಗಡಿ ನಿಂದೇ, ಅವರಿಬ್ಬರಿಗೆ ಈಗ್ಲೇ ಹೇಳ್ಬೇಡ' ಅಂತ," ಅಂದ ಅಣ್ಣ.

ಬಾಗಿಲಲ್ಲಿದ್ದ ತಮ್ಮ ನಕ್ಕ. "ಅದನ್ನೇ ನಂಗೂ ಹೇಳಿದ್ದ, ಮಹಾರಾಯ!"

ಕುಂಚ ನನ್ನ ಕೈಜಾರಿತು. ನನಗೂ ಹೇಳಿದ್ದ. ಇದೇ ಅಂಟಿನ ಡಬ್ಬಿಯ ಪಕ್ಕ, ತಲೆ ಸವರುತ್ತ, ಅದೇ ಮಾತು. ಬಾಯಿಪಾಠದ ಪದ್ಯದಂತೆ ಅದನ್ನು ದಿನವೂ ಒಳಗೊಳಗೇ ಹೇಳಿಕೊಂಡು ದುಡಿದಿದ್ದೆ.

ಮೂವರೂ ಹೋಗಿ ಕೂತಾಗ ವಕೀಲರು ಕನ್ನಡಕ ಒರೆಸಿದರು. "ಒಂದು ಹಾಳೆ ವಿಲ್, ಇಬ್ಬರ ಸಾಕ್ಷಿ ಸಹಿ. ಅಷ್ಟಿದ್ದಿದ್ರೆ ನೀವು ನನ್ನ ಮೆಟ್ಟಿಲು ಹತ್ತಬೇಕಿರ್ಲಿಲ್ಲ. ಈಗ ಸಮಪಾಲು."

ಸಮವಂತೆ ಸಮ!

"ಕಾಗದ ಕತ್ತರಿಸೋ ಯಂತ್ರ ಒಂದನ್ನಾದ್ರೂ ನಂಗೆ ಬಿಡಿ," ಅಂದೆ.

"ಅದೂ ಆಸ್ತೀನೇ ಅಲ್ವೇನೇ?" ಅಂದ ಅಣ್ಣ.

"ಹಾಗಾದ್ರೆ ಚಕ್ರ ನಿಂಗೆ, ಅಲಗು ಇವನಿಗೆ, ಸವೆದ ಬೆರಳು ನಂಗೆ. ಪಾಲು ಸರಿಹೋಯ್ತಾ?"

ಅಂಗಡಿ ಮಾರಾಟವಾಯಿತು, ಯಂತ್ರ ಹಳೇ ಕಬ್ಬಿಣದವನ ಗಾಡಿ ಹತ್ತಿತು. ಈಗ ಅಣ್ಣ ತಮ್ಮ ಎದುರುಬದುರಾದರೆ ರಸ್ತೆ ದಾಟುತ್ತಾರೆ. ಆದರೆ ನನ್ನ ಸಿಟ್ಟು ಅವರ ಮೇಲಲ್ಲ. ಮೂವರ ಮೂಗಿಗೂ ತುಪ್ಪ ಸವರಿ, ತಾನು ಮಾತ್ರ ಒಳ್ಳೆಯವನಾಗಿಯೇ ಕಣ್ಣು ಮುಚ್ಚಿದವನ ಮೇಲೆ. ದೇವರ ಮುಂದೆ ಕೈಮುಗಿದು ನಿಂತರೂ ಅವನ ನೆನಪಾದೊಡನೆ ಹಲ್ಲು ಕಚ್ಚುತ್ತೇನೆ.

ನನ್ನದೆಂದು ಇರುವುದು ಎರಡು ಕೋಣೆ, ಪುಸ್ತಕ ಹೊಲಿಯುವ ಒಂದು ಮರದ ಚೌಕಟ್ಟು. ಯಾವುದು ಯಾರಿಗೆ ಎಂದು ಬರೆದೆ. ಪಕ್ಕದ ಮನೆಯ ಮೇಷ್ಟ್ರು, ಅವರ ಹೆಂಡತಿ ನನ್ನೆದುರೇ ಸಾಕ್ಷಿ ಸಹಿ ಹಾಕಿದರು. ನನ್ನ ಹೆಣ್ಣುಮಕ್ಕಳಿಬ್ಬರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಚೌಕಟ್ಟು ದೊಡ್ಡವಳಿಗೆ ಎಂದಾಗ ಚಿಕ್ಕವಳ ಮುಖ ಊದಿತು.

"ಅವಳಿಗೇ ಯಾಕಮ್ಮ?"

"ಕೇಳು, ಈಗ್ಲೇ ಕೇಳು. ಜಗಳ ಆಡೋದಿದ್ರೂ ಇವತ್ತೇ ಆಡಿ. ಉತ್ತರ ಹೇಳೋಕೆ ನಾನಿನ್ನೂ ಇದೀನಿ."